ಒಂದು ಸಲ ತಟ್ಟಿದರೆ ಹೌದು

ನನ್ನ ಗಂಟಲಿನಲ್ಲಿ ಏನೂ ಕೆಟ್ಟಿರಲಿಲ್ಲ. ನಮ್ಮ ಟೌನಿನ ಸರ್ಕಾರಿ ಡಾಕ್ಟರು ಟಾರ್ಚು ಬಿಟ್ಟು ನೋಡಿ ಹಾಗೆಂದರು. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು ನೋಡಿ ಹಾಗೇ ಅಂದರು. ಆದರೂ ಎಪ್ಪತ್ತರ ದಶಕದ ಒಂದು ಯುಗಾದಿಯಿಂದ ಶ್ರಾವಣದವರೆಗೆ ನಮ್ಮ ಮನೆಯಲ್ಲಿ ಯಾರೂ ನನ್ನ ಒಂದು ಮಾತು ಕೇಳಲಿಲ್ಲ. ನಾನೋ ಮಾತಾಡಿಯೇ ಸಂಬಳ ತರುತ್ತಿದ್ದವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ.

ಈಗ ನಾನು ಬಾಯಿ ತೆರೆದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ ಎಂದು ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಷ್ಟು ವರ್ಷದ ಮೇಲೆ ಇದನ್ನು ಬರೆಯಲು ಕೂತಿರುವುದು ಯಾರಿಂದಲೂ ಅಯ್ಯೋ ಅನ್ನಿಸಿಕೊಳ್ಳುವುದಕ್ಕಲ್ಲ. ನನಗೆ ಆದದ್ದೇ ಆಗಿ, ಬಾಯಿ ಕಟ್ಟಿ ಹೋಗಿ, ಇದು ನನ್ನೊಬ್ಬಳಿಗೆ ಮಾತ್ರ ಬಂದ ಕಾಯಿಲೆ ಎಂದು ಯಾವ ಹೆಣ್ಣಾದರೂ ಕೂತಿದ್ದರೆ ಅವಳು ಓದಲಿ ಎಂದು ಬರೆಯುತ್ತಿದ್ದೇನೆ.

ನಲ್ಲೂರಿನ ಹುಣಸೆ ತೋಪು ದಾಟಿ ಒಳಗೆ ಹೋದರೆ ನಮ್ಮ ಹಳ್ಳಿ. ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪರೀಕ್ಷೆ ಬರೆದು ಟೌನಿನ ಎಕ್ಸ್‌ಚೇಂಜಿಗೆ ಸೇರಿದ್ದೆ. ಆಗ ಡಯಲ್ ತಿರುಗಿಸಿ ಬೇರೆ ಊರಿಗೆ ಮಾತಾಡುವ ಸೌಕರ್ಯ ನಮಗಿರಲಿಲ್ಲ. ಫೋನ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ಒಂದು ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ನಾವು ಅಲ್ಲಿಗೆ ವೈರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಬೆಂಗಳೂರಿಗೆ ಬೇಕೆಂದರೆ ಅಲ್ಲಿನ ಟ್ರಂಕ್ ಆಪರೇಟರನ್ನು ಕರೆದು ಕೊಡಿಸಬೇಕು. ನಮ್ಮ ಪಾಳಿಗೆ ಅಲ್ಲಿ ಕೂರುತ್ತಿದ್ದವಳು ಮೇರಿ. ಅವಳ ಮುಖ ನಾನು ನೋಡಿರಲಿಲ್ಲ. ತಮಿಳು ಬೆರೆಸಿದ ಕನ್ನಡದಲ್ಲಿ ದಿನಾ ಮಧ್ಯಾಹ್ನ ಏನು ಸಾರು ಎಂದು ಕೇಳುವಳು. ಮಳೆಗಾಳಿಗೆ ಲೈನು ಕೆಟ್ಟು ಮಾತು ಕೇಳದಿದ್ದಾಗ ನಾವಿಬ್ಬರೂ ಪೆನ್ಸಿಲಿನಿಂದ ಮೌತ್‌ಪೀಸಿನ ಮೇಲೆ ತಟ್ಟುತ್ತಿದ್ದೆವು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಕೆಲಸ ನಡೆಯಲಿ ಎಂದು ಆಪರೇಟರುಗಳೇ ಮಾಡಿಕೊಂಡಿದ್ದ ಏರ್ಪಾಡು.

ಅಮ್ಮನ ತವರು ಅನುಗೊಂಡನಹಳ್ಳಿ ಕಡೆ. ಅವಳ ಕಿರಿಯ ತಮ್ಮನಿಗೆ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮಲ್ಲಿ ಅದು ಹೊಸದಲ್ಲ, ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಹಾಗೆ ಮದುವೆಯಾಗಿ ಚೆನ್ನಾಗಿ ಬಾಳಿದವರು ನಮ್ಮ ಬಂಧುಗಳಲ್ಲೇ ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಈ ಮಾವ ಚಿಕ್ಕಂದಿನಿಂದ ಹಿಡಿಸುತ್ತಿರಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವನು. ಬಂದಾಗಲೆಲ್ಲ ಜಡೆ ಎಳೆಯುವುದು, ಕೈ ತಿರುಚುವುದು. ಮನೆಯವರೆಲ್ಲ ನಗುತ್ತಿದ್ದರು. ಮದುವೆ ಬೇಡ, ಕೆಲಸ ಬಿಡುವುದಿಲ್ಲ ಎಂದು ನಾನು ಅಂದರೆ ಅದಕ್ಕೂ ನಗುತ್ತಿದ್ದರು.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ, ಅಪ್ಪ ಸಂತೆಗೆ ಹೋಗಿದ್ದಾಗ, ತೋಟದ ಪಂಪ್‌ಸೆಟ್ ಮನೆಯಲ್ಲಿ ಮಾವ ನನ್ನ ಮೇಲೆ ಅತ್ಯಾಚಾರ ಮಾಡಿದ. ಈ ಪದ ಆಗ ಪೇಪರಿನಲ್ಲಿತ್ತು, ನಮ್ಮ ಬಾಯಲ್ಲಿರಲಿಲ್ಲ. ನಾನು ಬೇಡ ಅಂದೆ, ಕೂಗಿದೆ. ಮೋಟರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ, ಓದುವವರಿಗೂ ಅದು ಬೇಕಾಗಿಲ್ಲ.

ಮನೆಗೆ ಬಂದು ನೇರವಾಗಿ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಲು ಶುರು ಮಾಡಿದೆ. ಅಮ್ಮ ಮುದ್ದೆ ಕಟ್ಟುತ್ತಿದ್ದಳು. ನಾಲ್ಕು ಮಾತು ಕೇಳಿದಳೋ ಇಲ್ಲವೋ, ಒದ್ದೆ ಕೈಯನ್ನು ನನ್ನ ಬಾಯಿಗೆ ಅಡ್ಡ ಒತ್ತಿ ಹಿಡಿದಳು.

"ಬಾಯ್ಮುಚ್ಕೋ. ಯಾರೋ ದಾರೀಲಿ ಹೋಗೋನಾ ಅವ್ನು? ನಾಳೆ ನಿನ್ನ ಕಟ್ಕೊಳ್ಳೋನೇ ತಾನೆ. ಇದು ಹೊರಗ್ ಹೋದ್ರೆ ನಂಗೆ ತವರು ಅನ್ನೋದೇ ಇರಲ್ಲ ಕಣೇ."

ಆಮೇಲೆ ನನ್ನ ಸೀರೆ ಬದಲಾಯಿಸಿ, ಬಿಸಿನೀರು ಹಾಕಿ, ತಲೆ ಬಾಚಿದಳು.

ಮಾರನೆಯ ದಿನ ಕೆಲಸಕ್ಕೆ ಹೋದೆ. ಹೋಗದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಬೋರ್ಡಿನಲ್ಲಿ ಮೊದಲ ಮುಚ್ಚಳ ಬಿತ್ತು, ವೈರು ಚುಚ್ಚಿದೆ, ಬಾಯಿ ತೆರೆದೆ. ಬರೀ ಉಸಿರು ಬಂತು. ಆ ಕಡೆಯವರು ಹಲೋ ಹಲೋ ಎಂದು ಕಿರುಚುತ್ತಿದ್ದಾರೆ, ಇನ್ನೆರಡು ಮುಚ್ಚಳ ಬಿದ್ದಿವೆ, ನನ್ನಿಂದ ಉಸಿರು ಬಿಟ್ಟು ಏನೂ ಹೊರಡುತ್ತಿಲ್ಲ. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ಶಾರದಮ್ಮನವರು ನನ್ನ ತಲೆಯಿಂದ ಹೆಡ್‌ಸೆಟ್ಟು ತೆಗೆದು ತಾವು ಹಾಕಿಕೊಂಡರು. ಶೀತವಾಗಿರಬೇಕು, ಎರಡು ದಿನ ರಜೆ ಹಾಕು ಅಂದರು.

ಎರಡು ದಿನದಲ್ಲಿ ಹೋಗುವ ಶೀತ ಅದಾಗಿರಲಿಲ್ಲ. ಉಪ್ಪುನೀರು ಮುಕ್ಕಳಿಸಿದ್ದಾಯಿತು, ತುಳಸಿ ಮೆಣಸಿನ ಕಷಾಯವಾಯಿತು. ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು ಕಡ್ಡಿಗೆ ಹತ್ತಿ ಸುತ್ತಿ ಗಂಟಲಿಗೆ ಕಂದು ಬಣ್ಣದ ಔಷಧ ಬಳಿದರು. ಅದು ನಾಲಗೆಯ ಮೇಲೆ ಸಂಜೆಯವರೆಗೂ ತುಕ್ಕಿನ ಹಾಗೆ ಕೂತಿರುತ್ತಿತ್ತು. ಗಾಳಿ ಸೋಕಿದೆ ಎಂದು ಪೂಜಾರಿ ಬೇವಿನ ಸೊಪ್ಪಿನಿಂದ ನಿವಾಳಿಸಿದ. ಅಪ್ಪ ಸಂತೆಯಿಂದ ಕಲ್ಲುಸಕ್ಕರೆ ತಂದು ನನ್ನ ಕೈಗೆ ಹಾಕಿ ಸುಮ್ಮನೆ ಎದುರಿಗೆ ಕೂರುತ್ತಿದ್ದ, ಕರಗುವ ಹೊತ್ತಿಗೆ ಮಗಳು ಮಾತಾಡಿಬಿಡುತ್ತಾಳೆ ಎನ್ನುವವನ ಹಾಗೆ. ಅಪ್ಪನಿಗೆ ಏನೂ ಗೊತ್ತಿಲ್ಲ, ಅಮ್ಮನಿಗೆ ಎಲ್ಲ ಗೊತ್ತು. ಆದರೂ ಅಮ್ಮ ಎಲ್ಲರ ಜೊತೆ ಸೇರಿ ನನ್ನ ಗಂಟಲಿಗೆ ಹರಕೆ ಹೊತ್ತಳು. ಆ ದಿನಗಳಲ್ಲಿ ಮಾವನಿಗಿಂತ ಅಮ್ಮನ ಮೇಲೆಯೇ ನನಗೆ ಹೆಚ್ಚು ಸಿಟ್ಟಿತ್ತು.

ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅವನು ಅದನ್ನು ಬೇರೆ ಯಾರಿಂದಲೋ ಓದಿಸಬೇಕು. ಊರ ಮೇಷ್ಟರು ಜಗುಲಿಯ ಮೇಲೆ ಕೂತು ಅದನ್ನು ಅಪ್ಪನಿಗೆ ಓದಿ ಹೇಳುವುದನ್ನು ನೆನೆದರೇ ಕೈ ಓಡುತ್ತಿರಲಿಲ್ಲ.

ಅಪ್ಪ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆಳಿಗ್ಗೆಯಿಂದ ಮರದ ಬೆಂಚಿನ ಮೇಲೆ ಕೂತಿದ್ದೆವು. ಕಿವಿ ಸೋರುವವರು, ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವರು, ಮೂಗಿಗೆ ಹುಣಸೆಬೀಜ ತೂರಿಸಿಕೊಂಡ ಮಗು. ಆ ಮಗುವಿನ ತಾಯಿ ತೆಲುಗಿನವಳು, ನನ್ನ ಪಕ್ಕ ಕೂತು ಸೆರಗಿನ ಗಂಟಿನಿಂದ ಬೇಯಿಸಿದ ಕಡಲೆಕಾಯಿ ತೆಗೆದು ಕೊಟ್ಟಳು. ನನಗೆ ಮಾತು ಬರುವುದಿಲ್ಲವೆಂದು ಅಪ್ಪ ಹೇಳಿದ. ಸರಿ ಎಂದು ತಲೆಯಾಡಿಸಿ, ಉತ್ತರ ಬೇಡದ ಹಾಗೆ ತನ್ನ ಅತ್ತೆಯ ಮೇಲಿನ ದೂರನ್ನೆಲ್ಲ ನನಗೆ ಒಪ್ಪಿಸಿದಳು. ವಾರಗಳ ಮೇಲೆ ಯಾರೋ ನನ್ನನ್ನು ರೋಗಿಯೆಂದು ನೋಡದೆ ಮಾತಾಡಿದ್ದರು. ಕಡಲೆಕಾಯಿ ಅಷ್ಟು ರುಚಿಯಾಗಿ ನಾನು ಮತ್ತೆಂದೂ ತಿಂದಿಲ್ಲ.

ಡಾಕ್ಟರು ನಾಲಗೆ ಹಿಡಿದೆಳೆದು ಸಣ್ಣ ಕನ್ನಡಿ ಒಳಗಿಟ್ಟು ನೋಡಿದರು. ಆಮೇಲೆ ಕೆಮ್ಮು ಅಂದರು. ಕೆಮ್ಮಿದೆ, ಗಟ್ಟಿಯಾಗಿಯೇ ಬಂತು. ಅವರು ಅಪ್ಪನ ಕಡೆ ತಿರುಗಿದರು. ದನಿಯೇನೋ ಇದೆ, ಇವಳ ಮನಸ್ಸು ಅದನ್ನು ಬಿಡುತ್ತಿಲ್ಲ, ಈ ವಯಸ್ಸಿನ ಹುಡುಗಿಯರಿಗೆ ಹೀಗಾಗುತ್ತದೆ ಅಂದರು. ಅಲ್ಲಿಯವರೆಗೆ ಸರಿಯಾಗಿಯೇ ಹೇಳಿದ್ದರು. ಆಮೇಲೆ ಕೈ ತೊಳೆಯುತ್ತಾ, "ಮದುವೆ ಮಾಡಿ. ಸರಿಹೋಗ್ತಾಳೆ" ಅಂದುಬಿಟ್ಟರು.

ಪಾಪ, ಅಪ್ಪ ಅದನ್ನು ಔಷಧಿಯ ಹಾಗೆ ಭದ್ರವಾಗಿ ಮನೆಗೆ ತಂದ. ಇನ್ನು ತಡ ಮಾಡುವುದು ಬೇಡ ಅಂದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಷಾಢ ಹತ್ತಿರವಿದ್ದುದರಿಂದ ಶ್ರಾವಣದಲ್ಲಿ ವೀಳ್ಯದ ಶಾಸ್ತ್ರ, ಅಂದರೆ ಹಿರಿಯರ ಮುಂದೆ ಎಲೆ ಅಡಿಕೆ ತಟ್ಟೆ ಬದಲಾಯಿಸಿ ಮಾತು ಗಟ್ಟಿ ಮಾಡಿಕೊಳ್ಳುವುದು ಎಂದು ಗೊತ್ತಾಯಿತು. ತಟ್ಟೆ ಕೈ ಬದಲಾದರೆ ಮುಗಿಯಿತು, ಅದು ತಾಳಿಗೆ ಸಮ. ನನಗೆ ಗೊತ್ತಿದ್ದುದು ಒಂದೇ. ಅಷ್ಟರೊಳಗೆ ನನಗೆ ಮಾತು ಬರಬೇಕು. ಬಂದು, ಒಲ್ಲೆ ಎನ್ನಬೇಕು. ಬರದಿದ್ದರೆ ನಾನು ಒಪ್ಪಿದೆ ಎಂದೇ ಲೆಕ್ಕ.

ಬೆಂಗಳೂರಿನ ಒಂದು ನಂಬರು ನನಗೆ ಬಾಯಿಪಾಠವಾಗಿತ್ತು. ಪೋಸ್ಟಾಫೀಸಿನ ಫೋನಿನಿಂದ ಆಗೀಗ ಯಾರಾದರೂ ತಗ್ಗಿದ ದನಿಯಲ್ಲಿ ಆ ನಂಬರು ಕೇಳುತ್ತಿದ್ದರು. ಏನದು ಎಂದು ಒಮ್ಮೆ ಮೇರಿಯನ್ನು ಕೇಳಿದ್ದೆ. ಸಂಕಟದಲ್ಲಿರುವವರ ಮಾತು ಕೇಳುವುದಕ್ಕೆಂದೇ ಕೆಲವರು ಒಂದು ರೂಮಿನಲ್ಲಿ ಫೋನಿಟ್ಟುಕೊಂಡು ಮಧ್ಯಾಹ್ನದ ಮೇಲೆ ಕೂತಿರುತ್ತಾರೆ, ಹೆಸರು ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಕೇಳುತ್ತಾರೆ ಅಷ್ಟೇ ಎಂದು ಅವಳು ಹೇಳಿದ್ದಳು. ಕೇಳುವುದೂ ಒಂದು ಕೆಲಸವಾ ಎಂದು ನಾವಿಬ್ಬರೂ ನಕ್ಕಿದ್ದೆವು.

ಗಂಟಲಿಗೆ ಔಷಧ ಬಳಿಸಿಕೊಳ್ಳಲು ನಾನು ಬಸ್ಸಿನಲ್ಲಿ ಟೌನಿಗೆ ಹೋಗುತ್ತಿದ್ದೆ. ಒಂದು ದಿನ ಅಲ್ಲಿಂದ ಎಕ್ಸ್‌ಚೇಂಜಿಗೆ ನಡೆದೆ. ಅಂಗಡಿಗಳವರು ಊಟಕ್ಕೆ ಹೋಗಿ ಬೋರ್ಡು ತೂಕಡಿಸುವ ಹೊತ್ತು. ಶಾರದಮ್ಮನವರಿಗೆ ಕೈಸನ್ನೆಯಲ್ಲಿ ಬೋರ್ಡು ತೋರಿಸಿ, ನಾನು ಕೂರುತ್ತೇನೆಂದು ಎದೆ ಮುಟ್ಟಿಕೊಂಡೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ನಾನು ಹೊರಗ್ ಕೂತು ಕಾಫಿ ಕುಡೀತೀನಿ. ಯಾರಾದ್ರೂ ಕರೆದ್ರೆ ನನ್ನ ಕೂಗು," ಎಂದು ಎದ್ದರು. ಕೂಗು ಎಂದು ನನಗೆ ಹೇಳಿದ್ದು ಅವರಿಗೆ ಹೊಳೆಯಲೇ ಇಲ್ಲ. ಹೋಗಿ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತರು.

ಟ್ರಂಕ್ ಲೈನಿಗೆ ವೈರು ಚುಚ್ಚಿದೆ. "ಬ್ಯಾಂಗಲೂರ್," ಎಂದಳು ಮೇರಿ. ಪೆನ್ಸಿಲಿನಿಂದ ತಟ್ಟಿದೆ. ಲೈನು ಚೆನ್ನಾಗಿತ್ತಲ್ಲ, ಅವಳಿಗೆ ವಿಚಿತ್ರವೆನಿಸಿರಬೇಕು. ಮತ್ತೆ ತಟ್ಟಿದೆ.

"ವನಜಾನಾ? ಮಾತು ಬರಲ್ಲ ಅಂತ ಶಾರದಮ್ಮ ಹೇಳಿದ್ರು ಮಾ. ನೀನೇನಾ?"

ಒಂದು ಸಲ ತಟ್ಟಿದೆ. ಆಸ್ಪತ್ರೆ ಬೇಕಾ ಎಂದಳು, ಎರಡು ಸಲ ತಟ್ಟಿದೆ. ಪೊಲೀಸ್ ಸ್ಟೇಷನ್ನಾ ಎಂದಳು, ಎರಡು ಸಲ. ಆಮೇಲೆ "ಆ ನಂಬರಾ ಮಾ?" ಎಂದು ಮೆಲ್ಲಗೆ ಕೇಳಿದಳು. ಒಂದು ಸಲ ತಟ್ಟಿದೆ.

ಮೇರಿ ಲೈನು ಕೊಡಿಸುವಾಗ ಆ ಕಡೆಯವರಿಗೆ ವಿಷಯ ಹೇಳಿದ್ದು ನನಗೆ ಕೇಳಿಸಿತು. ಈ ಹುಡುಗಿಗೆ ದನಿ ಇಲ್ಲ ಮೇಡಂ, ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ, ನಾನು ಇನ್ನು ಕೇಳಿಸಿಕೊಳ್ಳಲ್ಲ ಎಂದಳು. ಕ್ಲಿಕ್ಕೆಂದು ಅವಳ ಕಡೆ ಮಾತು ಕೇಳಿಸಿಕೊಳ್ಳುವ ಕೀಲಿ ಮುಚ್ಚಿತು. ಅವಳು ನಿಜವಾಗಿಯೂ ಕೇಳಿಸಿಕೊಳ್ಳುತ್ತಿರಲಿಲ್ಲ ಎಂಬುದು ಆ ಸದ್ದು ಗೊತ್ತಿದ್ದ ನನಗೆ ತಿಳಿಯಿತು. ಮೂರು ನಿಮಿಷಕ್ಕೊಮ್ಮೆ ಬಂದು "ಇನ್ನೂ ಬೇಕಾ" ಎಂದು ಕೇಳುವುದು ನಮ್ಮ ಕೆಲಸದ ನಿಯಮ, ಅವಳು ಅದಕ್ಕೂ ಬರಲಿಲ್ಲ.

ಆ ಹೆಂಗಸಿನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ವಯಸ್ಸಾದ ದನಿ, ನಡುನಡುವೆ ಕೆಮ್ಮು.

"ನೋಡಮ್ಮ, ನೀನು ಏನೂ ಹೇಳಲೇಬೇಕು ಅಂತಿಲ್ಲ. ಸುಮ್ಮನೆ ಇದ್ರೂ ನಾನು ಫೋನ್ ಇಡಲ್ಲ. ನಾನು ಕೇಳೋದು ಬೇಡ ಅನ್ನಿಸಿದ್ರೆ ಎರಡು ಸಲ ತಟ್ಟು, ಬಿಟ್ಟುಬಿಡ್ತೀನಿ."

ಈಗ ಕೂತಿರುವ ಜಾಗದಲ್ಲಿ ಭಯವಿದೆಯೇ ಎಂದು ಕೇಳಿದರು. ಇಲ್ಲ. ಮನೆಯಲ್ಲಿ? ಏನು ತಟ್ಟುವುದೋ ತಿಳಿಯಲಿಲ್ಲ. ಅದು ಅವರಿಗೆ ಅರ್ಥವಾಯಿತೇನೋ, ಅದನ್ನು ಅಲ್ಲಿಗೇ ಬಿಟ್ಟರು. ಆಮೇಲೆ, ಯಾರಾದರೂ ನಿನ್ನ ಇಷ್ಟವಿಲ್ಲದೆ ನಿನ್ನ ಮೈ ಮುಟ್ಟಿದರೇ ಎಂದು ಕೇಳಿದರು.

ನಾನು ಪೆನ್ಸಿಲ್ ಹಿಡಿದು ಕೂತೇ ಇದ್ದೆ. ಅವರು ಹಲೋ ಅನ್ನಲಿಲ್ಲ. ಕೊನೆಗೆ ಒಂದು ಸಲ ತಟ್ಟಿದೆ.

"ಕೇಳಿಸ್ತು ಕಣಮ್ಮ. ನಿನ್ನನ್ನ ನಂಬ್ತೀನಿ," ಎಂದರು.

ಪಂಪ್‌ಸೆಟ್ ಮನೆಯ ಆ ಮಧ್ಯಾಹ್ನದ ಮೇಲೆ ಅವತ್ತು ಮೊದಲ ಸಲ ನಾನು ಅತ್ತೆ. ಸದ್ದಿಲ್ಲದ ಅಳು. ಅವರಿಗೆ ಕೇಳಿಸಿರಲಾರದು, ಆದರೂ ಕೇಳಿಸಿಕೊಂಡವರ ಹಾಗೆ ಕಾದರು. ಬಸ್ಸಿಗೆ ಹೊತ್ತಾಗುವವರೆಗೂ ಅಷ್ಟೇ ನಡೆದದ್ದು. ಮನೆಗೆ ಬಂದು ಎರಡು ಮುದ್ದೆ ಉಂಡೆ. ಅಪ್ಪ ಕಾಂಪೌಂಡರ ಔಷಧ ಹಿಡಿಯುತ್ತಿದೆ ಎಂದುಕೊಂಡ.

ಆಷಾಢ ನನಗೆ ಸಿಕ್ಕ ವಾಯಿದೆಯಾಗಿತ್ತು. ಆ ತಿಂಗಳೆಲ್ಲ ಔಷಧದ ನೆಪದಲ್ಲಿ ಟೌನಿಗೆ ಹೋಗಿ ಆ ನಂಬರಿಗೆ ಕರೆದೆ. ಎಲ್ಲ ಸಲವೂ ಒಳ್ಳೆಯದೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಮ್ಮೆ ಮಳೆಗೆ ಲೈನು ಬಿದ್ದಿತ್ತು, ಹೋದ ದಾರಿಗೆ ಸುಂಕವಿಲ್ಲದೆ ವಾಪಸು ಬಂದೆ. ಇನ್ನೊಮ್ಮೆ ಬೇರೆ ಯಾರೋ ಎತ್ತಿಕೊಂಡು, ದೇವರಿದ್ದಾನೆ, ಧೈರ್ಯ ತಂದುಕೊಳ್ಳಿ, ಆದದ್ದು ಮರೆತುಬಿಡಿ ಎಂದು ಪಾಠ ಒಪ್ಪಿಸತೊಡಗಿದರು. ನಾನು ಎರಡೆರಡು ಸಲ ತಟ್ಟಿ ತಟ್ಟಿ ಪೆನ್ಸಿಲ್ ಮೊನೆ ಮುರಿದು ವೈರು ಕಿತ್ತೆ. ಆದರೆ ಮತ್ತೆ ಹೋಗದೆ ಇರಲಿಲ್ಲ. ಒಬ್ಬರು ಸರಿಯಾಗಿ ಕೇಳಲಿಲ್ಲವೆಂದು ಮನೆಯಲ್ಲಿ ಕೂತರೆ ಶ್ರಾವಣ ನಿಲ್ಲುತ್ತದೆಯೇ.

ದನಿ ಬಂದದ್ದು ಅಳುವಿನಿಂದಲ್ಲ, ನಗುವಿನಿಂದ. ಒಂದು ಮಧ್ಯಾಹ್ನ ಆ ಹೆಂಗಸು ಏನೋ ಕೇಳುತ್ತಿದ್ದಾಗ ನಮ್ಮ ಲೈನಿಗೆ ಇನ್ನೊಂದು ಲೈನು ಬೆರೆತುಹೋಯಿತು. ಯಾರೋ ದ್ರಾಕ್ಷಿ ವ್ಯಾಪಾರಿ, ಗಂಟಲು ಹರಿಯುವ ಹಾಗೆ ಕೂಗಾಡುತ್ತಿದ್ದಾನೆ: ಎಲ್ಲಾ ಹಾಳಾಯ್ತು, ನಾನ್ ಸತ್ತೆ, ಇನ್ನೇನ್ ಉಳೀತು. ಆ ಹೆಂಗಸು ಗಾಬರಿಯಾಗಿ, "ಸಮಾಧಾನ ಮಾಡ್ಕೊಳ್ಳಿ, ನಾನಿದ್ದೀನಿ, ಏನಾಯ್ತು ಹೇಳಿ" ಅಂದರು. ಅವನು ಒಂದು ಕ್ಷಣ ನಿಂತು, "ನೀನ್ಯಾರವ್ವಾ ತಾಯಿ? ಹಣ್ಣು ನೀನ್ ತಗೋತೀಯಾ?" ಅಂದ.

ನಾನು ನಕ್ಕುಬಿಟ್ಟೆ. ಗಟ್ಟಿಯಾಗಿ, ಹೊಟ್ಟೆ ಹಿಡಿದುಕೊಂಡು. ಮೆಟ್ಟಿಲ ಮೇಲಿದ್ದ ಶಾರದಮ್ಮನವರು ತಿರುಗಿ ನೋಡಿದರು. ವ್ಯಾಪಾರಿಯ ಲೈನು ಕಳಚಿಹೋದ ಮೇಲೆ ಆ ಹೆಂಗಸೂ ನಗುತ್ತಾ, "ಕೇಳಿಸ್ಕೊಂಡ್ಯಾ? ಈಗ ನಕ್ಕಿದ್ದು ನಿನ್ನ ದನಿ" ಎಂದರು.

ಅದರ ಮುಂದಿನ ಸಲ ಹೋದಾಗ ಮೊದಲ ಮಾತು ಬಂತು. ಏನು ಬರುತ್ತದೋ ನನಗೇ ತಿಳಿದಿರಲಿಲ್ಲ, ಬಂದದ್ದು "ಬೇಡ" ಎಂಬ ಮಾತು. ಒಡಕು ದನಿ, ನನ್ನದೇ ಅಲ್ಲವೆನ್ನುವ ಹಾಗಿತ್ತು. ಬೇಡ, ಬೇಡ ಎಂದು ಸುಮಾರು ಹೊತ್ತು ಅದನ್ನೇ ಹೇಳಿದೆ. ಆಮೇಲೆ ಮಿಕ್ಕದ್ದೆಲ್ಲ ಹೇಳಿದೆ. ನಾನು ಕೆಟ್ಟುಹೋದೆ ಎಂದಾಗ ಮಾತ್ರ ಅವರು ನನ್ನನ್ನು ತಡೆದರು. "ಕೆಟ್ಟೋನು ಅವನು. ನೀನು ಆ ಮಾತು ನಿನಗೆ ಅಂದ್ಕೋಬೇಡ," ಎಂದರು. ಹೆಣ್ಣುಮಕ್ಕಳು ಈ ವಿಷಯ ಹೇಳಲು ನಮ್ಮ ಮಾತಿನಲ್ಲಿ ಇದ್ದದ್ದೇ ಆ ಒಂದು ಪದ. ಅದನ್ನು ಬಿಟ್ಟು ಹೇಗೆ ಹೇಳುವುದೆಂದು ನಾವಿಬ್ಬರೂ ಕೂತು ಯೋಚಿಸಿದೆವು. ಬೇಡ ಅಂದರೂ ಬಿಡದೆ ಬಲವಂತ ಮಾಡಿದ. ಇಷ್ಟು ಸಾಕು ಅನ್ನಿಸಿತು.

ಸ್ಟೇಷನ್ನಿಗೆ ಹೋಗುವುದಾದರೆ ತಾವೂ ಬಂದು ಪಕ್ಕದಲ್ಲಿ ನಿಲ್ಲುವುದಾಗಿ ಹೇಳಿದರು. ಅಲ್ಲಿ ಏನೇನು ಕೇಳುತ್ತಾರೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಿನಗೆ ಏನು ಬೇಕು ಎಂದು ಕೇಳಿದರು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅವನನ್ನು ಕಟ್ಟಿಕೊಳ್ಳುವುದಿಲ್ಲ, ಕೆಲಸ ಬಿಡುವುದಿಲ್ಲ, ಇವೆರಡು ಬೇಕು ಅಂದೆ. ಹಾಗಾದರೆ ಅಪ್ಪನಿಗೆ ಹೇಳಬೇಕು. ಫೋನಿನಲ್ಲಿ ಅವರು ಅಪ್ಪನಾದರು, ನಾನು ಹೇಳಿ ಹೇಳಿ ಅಭ್ಯಾಸ ಮಾಡಿದೆ.

ಕಷ್ಟವೆಂದರೆ, ಎಕ್ಸ್‌ಚೇಂಜಿನಲ್ಲಿ ಬಂದ ದನಿ ನನ್ನ ಜೊತೆ ಮನೆಗೆ ಬರಲಿಲ್ಲ. ತೋಟದಲ್ಲಿ ಅಪ್ಪನ ಹಿಂದೆ ಹೋಗಿ ನಿಂತೆ, ಹೊರಡಲಿಲ್ಲ. ಬಸ್ ಸ್ಟಾಪಿನಲ್ಲಿ ಪ್ರಯತ್ನಿಸಿದೆ, ಉಸಿರು ಮಾತ್ರ. ಹಾಗೆಯೇ ಶ್ರಾವಣ ಬಂದು, ವೀಳ್ಯದ ದಿನವೂ ಬಂತು.

ನಡುಮನೆಯಲ್ಲಿ ಜಮಖಾನ ಹಾಸಿ ಹಿರೀಕರು ಕೂತರು. ಮಾವ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ನನಗೆ ಸೀರೆ ಉಡಿಸಿ, ಹೂವು ಮುಡಿಸಿ, ಅಮ್ಮನ ಪಕ್ಕ ಕೂರಿಸಿದರು. ಊರ ಯಜಮಾನರು ವಾಡಿಕೆಯಂತೆ, ಹೆಣ್ಣಿನ ಕಡೆಯವರಿಗೆ ಒಪ್ಪಿಗೆಯೋ ಎಂದು ಅಪ್ಪನನ್ನು ಕೇಳಿದರು. ಅಪ್ಪ ತಟ್ಟೆಗೆ ಕೈ ಹಾಕಿದ.

"ನಂಗೆ ಒಪ್ಪಿಗೆ ಇಲ್ಲ," ಎಂದೆ.

ಮನೆ ತುಂಬಾ ಗದ್ದಲ. ಮಾತು ಬಂತು, ಮಾತು ಬಂತು! ಯಾರೋ ಕೈ ಮುಗಿದರು, ಯಾರೋ ಅತ್ತರು, ಶಾಸ್ತ್ರ ಶುರುವಾದ ಗಳಿಗೆಯಲ್ಲೇ ದೇವರು ಬಾಯಿ ಬಿಡಿಸಿದ ಎಂದರು. ಅತ್ತೆಯೊಬ್ಬಳು ನನ್ನ ಬಾಯಿಗೆ ಸಕ್ಕರೆ ಹಾಕಿಯೇ ಬಿಟ್ಟಳು. ಡಾಕ್ಟರು ಹೇಳಿದ್ದು ನಿಜವಾಯಿತು ಎಂದು ಅಪ್ಪನ ಕಣ್ಣು ತುಂಬಿತ್ತು. ನನ್ನ ದನಿ ಎಲ್ಲರಿಗೂ ಕೇಳಿಸಿತ್ತು. ನಾನು ಏನಂದೆ ಎಂಬುದು ಒಬ್ಬರಿಗೂ ಕೇಳಿಸಿರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಬಾಯಲ್ಲಿದ್ದ ಸಕ್ಕರೆ ಉಗಿದು ಎದ್ದು ನಿಂತೆ.

"ಅಪ್ಪ, ನಾನ್ ಹೇಳೋದ್ ಕೇಳು. ಯುಗಾದಿ ಮುಂಚೆ ನೀನು ಸಂತೆಗ್ ಹೋಗಿದ್ದಾಗ, ಪಂಪ್‌ಸೆಟ್ ಮನೇಲಿ ಮಾವ ನನ್ನ ಬಲವಂತ ಮಾಡ್ದ. ಬೇಡ ಅಂದ್ರೂ ಬಿಡಲಿಲ್ಲ. ಅದಕ್ಕೇ ನಂಗೆ ಮಾತು ಹೋಗಿದ್ದು. ಇವನ್ನ ನಾನು ಕಟ್ಕೊಳ್ಳಲ್ಲ."

ಈ ಸಲ ಎಲ್ಲರಿಗೂ ಕೇಳಿಸಿತು. ಅಪ್ಪನ ಕೈ ತಟ್ಟೆಯ ಮೇಲೆಯೇ ನಿಂತಿತ್ತು. ಮಾವ ಮೊದಲು ನಕ್ಕ, ನಗು ಯಾರಿಗೂ ಅಂಟಲಿಲ್ಲ. ಆಮೇಲೆ ಯಜಮಾನರ ಕಡೆ ತಿರುಗಿದ.

"ಗಾಳಿ ಸೋಕಿತ್ತಲ್ಲ, ಅದು ಆಡಿಸ್ತಾ ಐತೆ ಗೌಡ್ರೇ. ಇವಳ ಮಾತಲ್ಲ ಇದು."

ಯಜಮಾನರು ಗಡ್ಡ ತುರಿಸಿಕೊಂಡರು. ಇದ್ದರೂ ಇರಬಹುದು ಎಂದು ಯಾರೋ ಮೆಲ್ಲಗೆ ಅಂದದ್ದು ಕೇಳಿಸಿತು. ನಾನು ಅಷ್ಟು ದಿನ ಕಷ್ಟಪಟ್ಟು ಸಂಪಾದಿಸಿದ ದನಿಯನ್ನು ಎಲ್ಲರೂ ಸೇರಿ ಒಂದು ದೆವ್ವಕ್ಕೆ ಕೊಟ್ಟುಬಿಡುವುದರಲ್ಲಿದ್ದರು.

ಅಮ್ಮ ಎದ್ದಳು. ಗಂಡಸರು ಕೂತ ಕಡೆ ಅವಳು ಯಾವತ್ತೂ ಮಾತಾಡಿದವಳಲ್ಲ. ತಮ್ಮನ ಮುಖ ನೋಡದೆ, ಯಜಮಾನರನ್ನೂ ನೋಡದೆ, ಅಪ್ಪನನ್ನು ನೋಡಿ ಹೇಳಿದಳು.

"ಗಾಳಿ ಅಲ್ಲ. ಮಾತು ಹೋಗೋಕ್ ಮುಂಚೇನೇ ಇವ್ಳು ನನ್ಹತ್ರ ಹೇಳಿದ್ಲು. ನಿಜ ಹೇಳ್ತಾ ಅವ್ಳೆ. ತಟ್ಟೆ ಎತ್ತಿಡಿ."

ಅಪ್ಪ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಮಾವನಿಗೆ ಬಾಗಿಲ ಕಡೆ ಕೈ ತೋರಿಸಿದ. ಅನುಗೊಂಡನಹಳ್ಳಿಯವರು ಗಾಡಿ ಕಟ್ಟಿಕೊಂಡು ಹೊರಟರು. ಹೊರಡುವಾಗ ಅಮ್ಮನ ಅಣ್ಣ, ಇನ್ನು ನಿನಗೂ ನಮಗೂ ನೀರು ಬೆಂಕಿ ಇಲ್ಲ ಎಂದು ಅವಳಿಗೆ ಹೇಳಿಹೋದ.

ಆ ಮಾವನಿಗೆ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಬೇರೆ ಕಡೆಯಿಂದ ಹೆಣ್ಣು ತಂದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಆ ಹೆಣ್ಣನ್ನು ನೆನೆದರೆ ಇನ್ನೂ ಹೆಚ್ಚು. ಊರಿನವರು ಕೆಲವು ಕಾಲ ಆಡಿಕೊಂಡರು. ನಾನು ಡಾಕ್ಟರ ಮುಂದೆ ಗಟ್ಟಿಯಾಗಿ ಮಾತಾಡಿ ತೋರಿಸಿ ಕೆಲಸಕ್ಕೆ ಮರಳಿದೆ. ಆ ಹೆಂಗಸಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ನಿಮ್ಮಮ್ಮ ಹೇಗಿದ್ದಾರೆ ಎಂದು ಅವರು ಕೇಳಿದರು. ಮುಂದೆಯೂ ನನಗೆ ಕೆಟ್ಟ ದಿನಗಳು ಬಂದವು, ಮೋಟರಿನ ಸದ್ದಿಗೆ ಕೈಕಾಲು ತಣ್ಣಗಾಗುತ್ತಿದ್ದವು. ಮದುವೆಗೆ ಮುಂಚೆ ನನ್ನ ಗಂಡನಿಗೆ ಎಲ್ಲ ಹೇಳಿದಾಗಲೂ ದನಿ ಒಂದು ಕ್ಷಣ ಕೈಕೊಟ್ಟಿತು. ಆದರೆ ಅದು ತಿರುಗಿ ಬರುತ್ತದೆ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಇದನ್ನು ಓದುತ್ತಿರುವ ಹುಡುಗಿಯೇ, ನಿನ್ನದೂ ಬರುತ್ತದೆ. ಮೊದಲು ಕೇಳಿದವರು ಸರಿಯಾಗಿ ಕೇಳದಿದ್ದರೆ ಬಿಡು, ಇನ್ನೊಬ್ಬರಿಗೆ ಹೇಳು.

ಆ ವರ್ಷ ಗೌರಿ ಹಬ್ಬ ಬಂತು. ಪ್ರತಿ ವರ್ಷ ಅಮ್ಮನಿಗೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಸೀರೆ ಬರುತ್ತಿತ್ತು. ಈ ವರ್ಷ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅಮ್ಮ ಮಾತ್ರ ಬೆಳಿಗ್ಗೆಯಿಂದ ಎರಡು ಮೂರು ಸಲ ಬಾಗಿಲವರೆಗೆ ಹೋಗಿ ಬಂದಳು. ನಾನು ಟೌನಿನಿಂದ ತಂದಿದ್ದ ಸೀರೆಯನ್ನು ಬಳೆ ಹೂವಿನ ಜೊತೆ ಮೊರದಲ್ಲಿಟ್ಟು ಅವಳ ಮುಂದಿಟ್ಟೆ. ವೀಳ್ಯದ ದಿನದಿಂದ ಆಚೆಗೆ ನಾವಿಬ್ಬರೂ ಅಗತ್ಯಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದವರು. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಸೀರೆ ಕೊಟ್ಟ ಮಾತ್ರಕ್ಕೆ ಇಳಿಯಿತು ಎಂದೂ ಹೇಳುವುದಿಲ್ಲ.

ಅಮ್ಮ ಸೀರೆಯನ್ನು ಮಡಿಲಿಗೆ ತೆಗೆದುಕೊಂಡಳು. ಆಮೇಲೆ ಒಲೆಯ ಮೇಲಿದ್ದ ಪಾತ್ರೆ ಇಳಿಸಿ, ಅಡುಗೆಮನೆ ಬಾಗಿಲು ಹಾಕಿ ಬಂದು ನನ್ನೆದುರು ಕೂತಳು.

"ಅವತ್ತು ನೀನ್ ಹೇಳೋಕ್ ಬಂದೆ, ನಾನ್ ಕೇಳ್ಲಿಲ್ಲ. ಈಗ ಹೇಳು ಮಗ. ಕೇಳ್ತೀನಿ."

ನಾನು ಮೊದಲಿನಿಂದ ಹೇಳಿದೆ. ಅಮ್ಮ ನಡುವೆ ಎಲ್ಲೂ ತಡೆಯದೆ ಕೊನೆಯವರೆಗೂ ಕೇಳಿದಳು.